ತುದಿಯ ಕಲ್ಲು

ನಮ್ಮ ಊರಿನಲ್ಲಿ ಯಾರೂ ಸುಮ್ಮನೆ ಹೋಗಿ ಕೂರುವುದಿಲ್ಲ. ಜ್ವರ ನೋಡುವಾಗ ಹಣೆಗೆ ಇಡುತ್ತೇವಲ್ಲ, ಹಾಗೆ ಮೊದಲು ಕೈಯ ಹಿಂಬದಿಯನ್ನು ಜಾಗಕ್ಕೆ ಇಟ್ಟು ನೋಡುತ್ತೇವೆ. ಆಮೇಲೆ ಪಕ್ಕದಲ್ಲಿದ್ದವರನ್ನು ಕೇಳುತ್ತೇವೆ, "ಖಾಲಿ ಐತೇನ್ರಿ?" ಕುರ್ಚಿ ಖಾಲಿ ಇರುವುದು ಕಣ್ಣಿಗೆ ಕಾಣುತ್ತಿದ್ದರೂ ಕೇಳಬೇಕು. ಯಾಕೆಂದರೆ ಒಬ್ಬರು ವರ್ಷಗಟ್ಟಲೆ ಒಂದೇ ಕಡೆ ಕೂತಿದ್ದರೆ ಅವರು ಹೋದ ಮೇಲೂ ಆ ಜಾಗ ಬಿಸಿಯಾಗಿಯೇ ಇರುತ್ತದೆ. ಸತ್ತು ಹೋದರೂ ಅಷ್ಟೆ, ಬಸ್ಸು ಹತ್ತಿ ಹೋದರೂ ಅಷ್ಟೆ. ಮನೆಯವರು ಕೂತರೆ ಆ ಬಿಸಿ ಇನ್ನೊಂದಿಷ್ಟು ಏರುತ್ತದೆ, ಹೊರಗಿನವರು ಕೂತರೆ ಇಳಿಯುತ್ತ ಹೋಗುತ್ತದೆ.

ಬಸ್ ಸ್ಟ್ಯಾಂಡಿನಲ್ಲಿರುವುದು ಒಂದೇ ಬೆಂಚು. ಅದರ ಬಲತುದಿ ಯಾವನೋ ಒಬ್ಬನದು. ಅವನ ಹೆಸರು ಈಗ ಯಾರಿಗೂ ನೆನಪಿಲ್ಲ, ಅವನು ಯಾವ ಬಸ್ಸಿಗೆ ಕಾಯುತ್ತಿದ್ದನೋ ಅದೂ ಗೊತ್ತಿಲ್ಲ. ಸಂತೆಗೆ ಹೊರಟ ಹೆಂಗಸರು ಬುಟ್ಟಿ ಇಳಿಸುತ್ತ "ಒಂಚೂರು ಸರಿಯಪ್ಪ" ಎಂದು ಅವನಿಗೆ ಹೇಳಿಯೇ ಕೂರುತ್ತಾರೆ. ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ, ಒಂದು ಅಂಗಡಿಯವನ ಅಪ್ಪನದು. ಹಬ್ಬದ ಹಿಂದಿನ ದಿನ ಊರಿಗೆ ಊರೇ ಉಳಿದ ಒಂದು ಕುರ್ಚಿಗೆ ಸಾಲು ನಿಲ್ಲುತ್ತದೆ. ಚಳಿಗಾಲದಲ್ಲಿ ಬೆಕ್ಕುಗಳು ಎಲ್ಲೆಲ್ಲಿ ಮಲಗುತ್ತವೆ ನೋಡಿದರೆ ಸಾಕು, ಯಾರ್ಯಾರ ಮನೆಯಲ್ಲಿ ಯಾರ್ಯಾರು ಹೋಗಿದ್ದಾರೆ ಅಂತ ಹೇಳಬಹುದು. ಹೆಣ್ಣು ಕೊಡುವವರು ಹೊಲ ಎಷ್ಟು ಎಂದು ಕೇಳುವುದಕ್ಕಿಂತ ಮುಂಚೆ, ಮನೆಯಲ್ಲಿ ಎಷ್ಟು ಜಾಗ ಬಿಸಿ ಇದೆ ಎಂದು ಕೇಳುತ್ತಾರೆ. ತೀರಾ ಹೆಚ್ಚಿದ್ದರೆ ಮಗಳು ಜೀವನವಿಡೀ ನಿಂತೇ ಇರಬೇಕಾದೀತಲ್ಲ.

ನನ್ನ ಗಂಡ ಬೇರೆ ಊರಿನವನು. ಪಾಪ, ಅವನಿಗೆ ಇದು ಕೊನೆಗೂ ಹತ್ತಲಿಲ್ಲ. ಎಲ್ಲಿ ಕೂರಬೇಕೆಂದರೂ ಹೆದರಿಕೆ. ಕಂಬಕ್ಕೆ ಒರಗಿಕೊಂಡು ನಿಂತೇ ಉಣ್ಣುತ್ತಿದ್ದ. ಒಂದು ದಿನ ಸಂತೆಗೆ ಹೋಗಿ ಬರುತ್ತೇನೆಂದು ಹೋದವನು ಬರಲಿಲ್ಲ. ನಮ್ಮ ಮನೆಯ ಮೂಲೆಮೂಲೆಗೂ ಕೈ ಇಟ್ಟು ನೋಡಿದೆ. ಬಿಸಿ ಉಳಿಯುವಷ್ಟು ಹೊತ್ತು ಅವನು ಎಲ್ಲೂ ಕೂತಿರಲೇ ಇಲ್ಲ.

ಆಮೇಲೆ ನಾನು ಗುಡ್ಡ ಹತ್ತಿ ಅಕ್ಕನ ಹತ್ತಿರ ಬಂದುಬಿಟ್ಟೆ. ಅಕ್ಕ ಸಾತವ್ವ, ಊರಿನ ದುರ್ಬೀನು ನೋಡಿಕೊಳ್ಳುತ್ತಿದ್ದಳು.

ದುರ್ಬೀನಿನ ವಿಷಯ ಹೇಳಬೇಕು. ಬಿಸಿ ಜಾಗಗಳು ಊರಿನಲ್ಲಿ ಅತಿಯಾದರೆ ಕಷ್ಟ. ಕಣದಲ್ಲಿ ಹರವಿದ ಮೆಣಸಿನಕಾಯಿ ಕೆಂಪಾಗುವ ಬದಲು ಕಪ್ಪಾಗುತ್ತದೆ, ಹಾಲು ಮಧ್ಯಾಹ್ನಕ್ಕೆ ಒಡೆಯುತ್ತದೆ, ಕೆರೆ ದಿನದಿನಕ್ಕೆ ಒಳಗೆ ಸರಿಯುತ್ತದೆ. ಅದಕ್ಕೇ ಹಿಂದಿನವರು ಊರಿನ ಮೇಲೆ ಒಂದು ಬೆಳಕಿನ ಗೆರೆ ಎಳೆದಿದ್ದಾರೆ. ಮೂಡಣ ದಿಕ್ಕಿಗೆ ನೀರಿನ ಟಾಕಿ, ಅದರ ನೆತ್ತಿಯ ಮೇಲೆ ಒಂದು ದೀಪ, ದೀಪದ ಹಿಂದೆ ಹರಿವಾಣದಷ್ಟು ದೊಡ್ಡ ಕನ್ನಡಿ. ಪಡುವಣ ದಿಕ್ಕಿಗೆ ನಮ್ಮ ಗುಡ್ಡ, ಗುಡ್ಡದ ಮೇಲೆ ದುರ್ಬೀನು. ನಡುವೆ ಊರು ಬಿದ್ದುಕೊಂಡಿದೆ: ಕೆರೆ, ಹತ್ತಿ ಹೊಲ, ಇಟ್ಟಿಗೆ ಭಟ್ಟಿ, ಹೆಂಚಿನ ಮನೆ, ತಗಡಿನ ಸಂತೆಕಟ್ಟೆ, ಮೆಣಸಿನಕಾಯಿ ಕಣ. ಟಾಕಿಯ ದೀಪ ಇಷ್ಟರ ಮೇಲೂ ಹಾದು ನಮ್ಮ ಗಾಜಿಗೆ ಬರಬೇಕು. ನೆಲದಿಂದ ಏಳುವ ಬಿಸಿ ದಾರಿಯುದ್ದಕ್ಕೂ ಅದನ್ನು ಅಲುಗಿಸುತ್ತದೆ. ಬೆಳಕು ಎಷ್ಟು ನಡುಗಿತೋ ದುರ್ಬೀನಿನ ಕೆಳಗಿನ ಅಳತೆಪೆಟ್ಟಿಗೆಯ ಮುಳ್ಳು ಅಷ್ಟು ಏರುತ್ತದೆ.

ನೀರಿನ ಮೇಲೆ ಬೆಳಕು ತುಪ್ಪದಂತೆ ಜಾರುತ್ತದೆ, ಭಟ್ಟಿಯ ಮೇಲೆ ಎಗರುತ್ತದೆ, ತಗಡಿನ ಮೇಲೆ ಕುಣಿಯುತ್ತದೆ. ಆದರೆ ಮುಳ್ಳಿಗೆ ಇದು ಕೆರೆಯದು, ಇದು ಭಟ್ಟಿಯದು ಎಂಬ ಭೇದವಿಲ್ಲ. ಎಲ್ಲ ಕಲೆಸಿ ಒಂದೇ ಮಾತು ಹೇಳುತ್ತದೆ. ಹೊಸದರಲ್ಲಿ ನಾನು, ಇಷ್ಟು ಬಿಸಿ ಎಲ್ಲಿಂದ ಬಂತು ಅಂತ ಅಕ್ಕನನ್ನು ಕೇಳುತ್ತಿದ್ದೆ. "ಸಾರು ಉಂಡು, ಯಾವ ಹರಳಿನ ಉಪ್ಪು ಅಂತ ಕೇಳಿದಂಗಾತು ನಿಂದು" ಎಂದು ಅಕ್ಕ ನಗುತ್ತಿದ್ದಳು.

ಹಗಲಿನ ಕುಣಿತವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸೂರ್ಯನ ಕೆಲಸ. ಹೊತ್ತು ಮುಳುಗುವಾಗ ಒಂದು ಗಳಿಗೆ ಬರುತ್ತದೆ. ನೆಲ ತನ್ನ ಕಾವನ್ನು ಬಿಟ್ಟುಕೊಟ್ಟು ಗಾಳಿಯ ಸಮಕ್ಕೆ ಬಂದಿರುತ್ತದೆ. ಆಗ ಕೊಡುವುದೂ ಇಲ್ಲ, ಇಸಿದುಕೊಳ್ಳುವುದೂ ಇಲ್ಲ. ಬೆಳಕು ನಿಲ್ಲಬೇಕು. ಮುಳ್ಳು ಕೆಳಗಿಳಿದು ಮಲಗಬೇಕು. ಹಾಗೆ ನಿಂತರೆ ಬಿಳಿ ಬಾವುಟ ಏರಿಸುತ್ತೇವೆ, ಊರು ಅದನ್ನು ನೋಡಿ ಊಟಕ್ಕೆ ಏಳುತ್ತದೆ. ಆ ಗಳಿಗೆಯಲ್ಲೂ ಬೆಳಕು ನಡುಗುತ್ತಿದ್ದರೆ, ನಡುಗಿಸುತ್ತಿರುವುದು ಸೂರ್ಯನಲ್ಲ, ನಮ್ಮ ಬಿಟ್ಟುಹೋದವರು. ಆಗ ಕೆಂಪು ಬಾವುಟ. ಕೆಂಪು ಬಾವುಟ ಮೇಲಿಂದ ಮೇಲೆ ಏರಿದರೆ ಹಿರಿಯರು ಸೇರಿ ಒಂದು ಜಾಗವನ್ನು ತಣಿಸಲು ಹೇಳುತ್ತಾರೆ.

ಇನ್ನೊಂದು ಮಾತಿದೆ, ಅದನ್ನು ಅಕ್ಕ ಮತ್ತು ನಾನು ಒಂದು ಸಂಜೆ ಹತ್ತಿಕಟ್ಟಿಗೆ ಸುಟ್ಟು ಕಂಡುಕೊಂಡಿದ್ದು. ಸಂತೆಕಟ್ಟೆಯ ಹತ್ತಿರ, ಅಂದರೆ ಗೆರೆಯ ನಡುಮಧ್ಯದಲ್ಲಿ, ಒಂದು ಹಿಡಿ ಕಟ್ಟಿಗೆ ಹೊತ್ತಿಸಿದರೆ ಮುಳ್ಳು ಹಾರಿ ಬೀಳುತ್ತಿತ್ತು. ಅದೇ ಕಟ್ಟಿಗೆಯನ್ನು ನಮ್ಮ ಗುಡ್ಡದ ಬುಡದಲ್ಲಿ ಗುಡ್ಡೆಗುಡ್ಡೆ ಹಾಕಿ ಸುಟ್ಟರೂ ಮುಳ್ಳು ಮಿಸುಕಲಿಲ್ಲ. ಗಾಜಿನ ಸ್ವಭಾವ ಅದು. ನಡುವಿನವರ ಬಿಸಿ ಕಾಣುತ್ತದೆ, ತುದಿಯವರದು ಕಾಣುವುದಿಲ್ಲ. "ಛಲೋ ಆತು ಬಿಡ, ನಮ್ಮನ್ನ ಯಾರೂ ಕೇಳಾವ್ರಿಲ್ಲ" ಎಂದಿದ್ದಳು ಅಕ್ಕ, ಕಣ್ಣಿಗೆ ಹೋದ ಹೊಗೆ ಒರೆಸಿಕೊಳ್ಳುತ್ತ.

ಗುಡ್ಡದ ಮೇಲೆ, ನಾವಿಬ್ಬರು ಇದ್ದ ಒಂದು ಕೋಣೆ ಬಿಟ್ಟರೆ, ನೆರಳು ಎಂದರೆ ಒಂದು ಬೇವಿನ ಮರ. ಅದರ ಕೆಳಗೆ ಒಂದು ಚಪ್ಪಟೆ ಕಲ್ಲು. ಅಕ್ಕ ಕೂರುತ್ತಿದ್ದುದು ಅಲ್ಲಿ. ನಾನು ದುರ್ಬೀನಿಗೆ ಕಣ್ಣು ಕೊಟ್ಟಿದ್ದರೆ ಆಕೆ ಅವರೆಕಾಯಿ ಸುಲಿಯುತ್ತ ಮಾತಾಡುತ್ತಿದ್ದಳು. ಯಾರೂ ಇಲ್ಲದಿದ್ದರೆ ನನ್ನ ಬೆನ್ನಿನ ಜೊತೆ ಮಾತು. ಕೆಳಗಿನ ಕಾಲುದಾರಿಯಲ್ಲಿ ಯಾರ ತಲೆ ಕಂಡರೂ ಕೂಗಿ ಕರೆಯುತ್ತಿದ್ದಳು. ಕಟ್ಟಿಗೆ ಹೊರುವ ಹೆಂಗಸರು, ಕುರಿಯವರು, ಅಂಚೆಯವನು, ಎಲ್ಲರೂ ಹತ್ತಿ ಬಂದು ಆಕೆಯ ಸುತ್ತ ಕುಕ್ಕರುಗಾಲಿನಲ್ಲಿ ಕೂತು, ಊರಿನ ಸುದ್ದಿ ಕೊಟ್ಟು, ಆಕೆಯ ಬಾಯಿಂದ ಬೈಸಿಕೊಂಡು, ಚಹಾ ಕುಡಿದು ಇಳಿಯುತ್ತಿದ್ದರು.

ಹೋದ ಮಳೆಗಾಲದ ಕೊನೆಗೆ ಅಕ್ಕನಿಗೆ ಜ್ವರ ಬಂತು. ಹೋದಳು.

ಮಣ್ಣು ಮಾಡಿ ಬಂದ ಸಂಜೆ ನಾನು ಕಲ್ಲಿಗೆ ಕೈ ಇಟ್ಟೆ. ಒಲೆಯಿಂದ ಆಗತಾನೆ ಇಳಿಸಿದ ಹಂಚಿನಂತಿತ್ತು. ಒಳಗಿನಿಂದ ಮೊರ ತಂದು ಅದರ ಮೇಲೆ ಬೋರಲು ಹಾಕಿದೆ. ಜನ ಬಂದರು. ನಾನು ಎಲ್ಲರಿಗೂ, ಅಲ್ಲಿ ಬೇಡ, ಈಚೆ ಬನ್ನಿ ಎಂದೆ. ಈಚೆ ಎಂದರೆ ಬಿಸಿಲು. ಒಂದಿಷ್ಟು ಹೊತ್ತು ತಲೆಯ ಮೇಲೆ ಸೆರಗು ಹಾಕಿಕೊಂಡು ನಿಂತರು, ಕಾಲು ಬದಲಿಸಿದರು, ಕೆಲಸ ಇದೆ ಎಂದು ಇಳಿದರು. ಕುರಿಯವನೊಬ್ಬ ಮರೆತು ಮೊರದ ಹತ್ತಿರ ಹೋದಾಗ ನಾನು ಅರಚಿದ ಅರಚಾಟಕ್ಕೆ ಅವನ ಕುರಿಗಳೇ ಚದುರಿದವು. ಆಮೇಲೆ ಯಾರೂ ಬರಲಿಲ್ಲ. ಅಂಚೆಯವನೂ ಅಷ್ಟೆ, ಗುಡ್ಡದ ಕೆಳಗೆ ನಿಂತು, ನಿಮಗೇನೂ ಇಲ್ಲ ಎಂದು ಕೈ ಆಡಿಸಿ ಹೋಗುತ್ತಿದ್ದ.

ನನ್ನ ಜೊತೆ ದಿನಕ್ಕೊಂದು ಮಾತು ಆಡುತ್ತಿದ್ದವರು ಒಬ್ಬರೇ, ಮೌಲಾಸಾಬರು. ಟಾಕಿಯ ಮೇಲೆ ದೀಪ ನೋಡಿಕೊಳ್ಳುವವರು. ಬೆಳಗ್ಗೆ ಅವರು ದೀಪ ಹಚ್ಚಿದ ಮೇಲೆ ನಾನು ಬಿಸಿಲಿಗೆ ಕನ್ನಡಿ ಹಿಡಿದು ಅವರತ್ತ ಒಂದು ಸಲ ಮಿಂಚಿಸಬೇಕು, ನಿಮ್ಮ ಬೆಳಕು ಬಂತು ಎಂದು. ಅವರು ತಮ್ಮ ಟವೆಲ್ಲನ್ನು ದೀಪದ ಮುಂದೆ ಒಂದು ಸಲ ಇಳಿಬಿಟ್ಟು ತೆಗೆಯುತ್ತಿದ್ದರು. ನನ್ನ ಕಡೆ ಬೆಳಕು ಒಮ್ಮೆ ಮುಚ್ಚಿ ತೆರೆಯುತ್ತಿತ್ತು. ಹ್ಞೂಂ ಎಂದ ಹಾಗೆ. ಅದು ಕೆಲಸದ ಸಂಜ್ಞೆ, ಅಷ್ಟೆ. ಆದರೂ ಆ ಹ್ಞೂಂ ಬರುವವರೆಗೆ ನಾನು ಒಲೆ ಹಚ್ಚುತ್ತಿರಲಿಲ್ಲ. ಅವರನ್ನು ಹತ್ತಿರದಿಂದ ನೋಡಿದ್ದು ಅಕ್ಕನ ಮಣ್ಣಿನ ದಿನ ಮಾತ್ರ. ಎಲ್ಲರಿಗಿಂತ ಹಿಂದೆ ನಿಂತಿದ್ದರು, ದೀಪಕ್ಕೆ ಎಣ್ಣೆ ಹಾಕುವ ಹೊತ್ತಾಯಿತೆಂದು ಬೇಗ ಹೋದರು.

ಈ ಬೇಸಿಗೆಯಲ್ಲಿ ಬೆಳಕು ನಿಲ್ಲುವುದನ್ನೇ ಬಿಟ್ಟಿತು. ಸಂಜೆ ಮೇಲೆ ಸಂಜೆ ನಾನು ಕೆಂಪು ಏರಿಸಿದೆ. ಹಿರಿಯರು ಗೆರೆಯ ಕೆಳಗೇ ನಡೆದು, ಜಾಗಜಾಗಕ್ಕೆ ಕೈ ಇಟ್ಟು ನೋಡಿ, ಕೊನೆಗೆ ಸಂತೆಕಟ್ಟೆಯ ಟೇಲರ್ ಅಡಿವೆಪ್ಪನ ಹಲಗೆಯನ್ನು ಹೇಳಿದರು. ಸರಿಯಾಗಿ ನಡುಮಧ್ಯ. ಅಡಿವೆಪ್ಪ ಹೋಗಿ ವರ್ಷದ ಮೇಲಾಗಿತ್ತು, ಅವನ ಹೆಂಡತಿ ಬಾಳವ್ವ ಅಂಗಡಿಯ ಬಾಗಿಲು ಅರ್ಧ ತೆಗೆದು, ಹೊಲಿಗೆಯಂತ್ರದ ಹಿಂದಿನ ಆ ಹಲಗೆಯನ್ನು ಕಾಯುತ್ತ ಕೂತಿದ್ದಳು. ಬಾಳವ್ವ ಅತ್ತು ಕರೆದು ಮಾಡಲಿಲ್ಲವಂತೆ. "ಬಾವುಟ ಏರ್ಸಿದಾಕೀನ ಬಂದು ಕುಂದರಲಿ" ಎಂದಳಂತೆ.

ಹೇಳಿ ಕಳಿಸಿದ ಮೇಲೆ ಹೋಗದೆ ಇರಲು ಆಗುವುದಿಲ್ಲ. ಹೋದೆ.

ತಣಿಸುವ ಕ್ರಮ ಹೀಗಿದೆ. ಬಂಧು ಅಲ್ಲದವರು ಮಧ್ಯಾಹ್ನದ ಊಟ ಮುಗಿಸಿ ಬಂದು ಆ ಜಾಗದಲ್ಲಿ ಕೂರಬೇಕು, ನೆರಳು ಉದ್ದವಾಗುವವರೆಗೆ ಏಳಬಾರದು. ಮನೆಯವರು ಚಹಾ ಕೊಡುತ್ತಿರಬೇಕು, ಹೋದವರ ವಿಷಯ ಹೇಳುತ್ತಿರಬೇಕು. ಕೂತವರು ಕೇಳಬೇಕು. ಪ್ರಶ್ನೆ ಕೇಳಬಹುದು, ಸಮಾಧಾನ ಹೇಳಬಾರದು.

ಹಲಗೆ ಎಷ್ಟು ಬಿಸಿಯಿತ್ತೆಂದರೆ ಮೊದಲು ನಾನು ಸೀರೆಯನ್ನು ಮಡಚಿ ಹಾಕಿಕೊಂಡೆ. ಬಾಳವ್ವ ಎದುರಿಗೆ ನಿಂತು ನನ್ನನ್ನು ನೋಡಿದ ನೋಟ ಅದಕ್ಕಿಂತ ಬಿಸಿಯಿತ್ತು. ಮೊದಲ ಚಹಾ ತಂದು ಯಂತ್ರದ ಮೇಲೆ ಕುಕ್ಕಿದಳು. ಆಮೇಲೆ, ಅಡಿವೆಪ್ಪ ಯಾವ ರವಿಕೆಯನ್ನೂ ಅಳತೆಗಿಂತ ಒಂದು ಬೆರಳು ಸಡಿಲವಾಗಿಯೇ ಹೊಲಿಯುತ್ತಿದ್ದುದನ್ನು ಹೇಳಿದಳು. ಹೆಣ್ಣುಮಕ್ಕಳಿಗೆ ಉಸಿರಾಡಲು ಜಾಗ ಬೇಕು ಎನ್ನುತ್ತಿದ್ದನಂತೆ. ಅದಕ್ಕೇ ಊರಿನ ಹುಡುಗಿಯರೆಲ್ಲ ಮನೆಗೆ ಹೋಗಿ ಸೂಜಿ ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದೆವು, ನಾನೂ ಮಾಡಿಕೊಂಡಿದ್ದೆ, ಹಾಗೆಂದು ಹೇಳಿದೆ. ಬಾಳವ್ವನಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. ಕತ್ತರಿಯನ್ನು ಆಕೆ ಸೊಪ್ಪು ಹೆಚ್ಚಲು ಒಯ್ದಳೆಂದು ಒಂದು ವಾರ ಮಾತು ಬಿಟ್ಟಿದ್ದನಂತೆ, ಆ ಸಿಟ್ಟನ್ನೂ ಈಗ ಅಲ್ಲೇ ತೀರಿಸಿಕೊಂಡಳು, ನಾನೇ ಅಡಿವೆಪ್ಪ ಎಂಬಂತೆ. ಬಾಯಿಯಲ್ಲಿ ಗುಂಡಿ ಇಟ್ಟುಕೊಂಡೇ ಮಾತಾಡುತ್ತಿದ್ದನಂತೆ, ಆಕೆಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲವಂತೆ. ಕೊನೆಯ ದಿನವೂ ಏನೋ ಹೇಳಿದನಂತೆ. ಆಗ ಬಾಯಿಯಲ್ಲಿ ಗುಂಡಿ ಇರಲಿಲ್ಲ, ಆದರೂ ತಿಳಿಯಲಿಲ್ಲ ಎಂದು ಹೇಳಿ ಬಾಳವ್ವ ಅತ್ತಳು. ಏನಾದರೂ ಹೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ನೆರಳು ಬಾಗಿಲು ದಾಟುವ ಹೊತ್ತಿಗೆ ನನ್ನ ಕೆಳಗಿನ ಬಿಸಿ ಇಳಿದಿತ್ತು. ಯಾರೋ ಮೆಲ್ಲಗೆ ಎದ್ದು ಹೋದ ಹಾಗೆ. ನಾನು ಎದ್ದೆ. ಬಾಳವ್ವ ಹಲಗೆಗೆ ಕೈ ಇಟ್ಟು ನೋಡಿದಳು, ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತಳು, ಯಂತ್ರಕ್ಕೆ ದಾರ ಪೋಣಿಸಿದಳು. ಅಂಗಡಿಯ ಬಾಗಿಲಿನ ಇನ್ನರ್ಧವನ್ನು ನನ್ನಿಂದ ತೆಗೆಸಿದಳು.

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಕೇಳಿದಳು, "ನಿಮ್ಮ ಅಕ್ಕನ ಜಾಗದಾಗ ಯಾರು ಕುಂತ್ರು?"

"ಯಾರೂ ಕುಂತಿಲ್ಲ. ನಮ್ದು ತುದೀಗೆ ಐತಲ್ಲ. ಅದು ಲೆಕ್ಕಕ್ಕ ಬರೂದಿಲ್ಲ."

"ಹಂಗಾರ ಯಾರೂ ಬರೂದಾ ಇಲ್ಲೇನು?"

"ಇಲ್ಲ."

ಬಾಳವ್ವ ಚಕ್ರಕ್ಕೆ ಕೈ ಇಟ್ಟವಳು ತಿರುಗಿಸದೆ ನನ್ನನ್ನೇ ನೋಡಿದಳು. "ಅಯ್ಯ, ಪಾಪ" ಎಂದಳು. ಮಧ್ಯಾಹ್ನವೆಲ್ಲ ಅತ್ತವಳು ಆಕೆ, ಪಾಪ ಎನಿಸಿಕೊಂಡವಳು ನಾನು.

ಅವತ್ತು ಸಂಜೆ ಬೆಳಕು ನಿಂತಿತು. ಕೆರೆ, ಭಟ್ಟಿ, ತಗಡು, ಕಣ, ಎಲ್ಲದರ ಮೇಲೂ ಹಾದು ಬಂದು, ಗಾಜಿನೊಳಗೆ ಒಂದು ಅಕ್ಕಿಕಾಳಿನ ಹಾಗೆ ಬಿಳಿಯಾಗಿ ನಿಂತಿತು. ಬಿಳಿ ಬಾವುಟ ಏರಿಸಿದೆ. ಕೆಳಗಿನಿಂದ ಜನರ ಗಲಾಟೆ ಕೇಳಿಸಿತು, ಖುಷಿಯದು. ಇನ್ನು ಈ ವರ್ಷ ಯಾರ ಜಾಗವನ್ನೂ ತಣಿಸಬೇಕಾಗಿಲ್ಲ. ನಾನು ಬೇವಿನ ಕೆಳಗೆ ಹೋಗಿ ಮೊರ ಎತ್ತಿ ಕೈ ಇಟ್ಟೆ. ಬಿಸಿ ಹಾಗೇ ಇತ್ತು. ಅದು ಹೀಗೇ ಇರುತ್ತದೆ, ನಾನು ಇರುವವರೆಗೆ, ಆಮೇಲೂ. ಯಾವ ಹಿರಿಯರೂ ಬಂದು ಇದನ್ನು ತಣಿಸು ಎನ್ನುವುದಿಲ್ಲ. ಈ ಕಲ್ಲನ್ನು ನಾನು ಇಷ್ಟು ದಿನ ಕಾಯುತ್ತಿದ್ದುದು ಯಾರಿಂದ? ಅಕ್ಕ ಅವರೆಕಾಯಿಯ ಸಿಪ್ಪೆಯನ್ನು ನನ್ನ ಬೆನ್ನಿಗೆ ಗುರಿಯಿಟ್ಟು ಎಸೆಯುತ್ತಿದ್ದಳೆಂಬುದನ್ನು ಕೇಳಲು ಈ ಗುಡ್ಡ ಹತ್ತಿ ಯಾರು ಬರಬೇಕು?

ಆಗ ನನ್ನ ತಲೆಗೆ ಒಂದು ವಿಚಾರ ಬಂತು. ಬೇರೆ ಊರಿನವರು ಕೇಳಿದರೆ ನಕ್ಕಾರು. ನಮ್ಮ ಗುಡ್ಡದ ಹಿಂದೆ ಅದಕ್ಕಿಂತ ತುಸು ಎತ್ತರದ ಒಂದು ದಿಬ್ಬವಿದೆ, ಗೆರೆಯನ್ನು ನೆಟ್ಟಗೆ ಹಿಂದಕ್ಕೆ ಎಳೆದರೆ ಅದರ ಮೇಲೇ ಬೀಳುತ್ತದೆ. ದುರ್ಬೀನನ್ನು ಅಲ್ಲಿಗೆ ಒಯ್ದರೆ ತುದಿ ಅಲ್ಲಿಗೆ ಹೋಗುತ್ತದೆ. ಅಕ್ಕನ ಕಲ್ಲು ತುದಿಯದಲ್ಲ, ಒಂದಿಷ್ಟು ಒಳಗಿನದಾಗುತ್ತದೆ. ಲೆಕ್ಕಕ್ಕೆ ಬರುತ್ತದೆ. ಮುಳ್ಳು ಅಲುಗಿದರೆ ನಾನೇ ಕೆಂಪು ಬಾವುಟ ಹಿಡಿದು, ಇಗೋ ನಮ್ಮಕ್ಕನ ಕಲ್ಲು, ಬನ್ನಿ ಎಂದು ಊರಿಗೆ ಹೇಳಬಹುದು.

ಮರುದಿನವೆಲ್ಲ ಹೊತ್ತೆ. ಮುಕ್ಕಾಲಿಯನ್ನು ಒಂದು ಸಲ, ಕೊಳವೆಯನ್ನು ಮಗುವಿನಂತೆ ಕಂಕುಳಿಗೆ ಅವುಚಿಕೊಂಡು ಇನ್ನೊಂದು ಸಲ, ಮುಳ್ಳಿನ ಪೆಟ್ಟಿಗೆ, ಬಾವುಟ, ಕನ್ನಡಿ. ದಿಬ್ಬದ ಮೇಲೆ ಮುಳ್ಳುಕಂಟಿ ಬಿಟ್ಟರೆ ಏನೂ ಇಲ್ಲ. ಅಲ್ಲಿಂದ ನೋಡಿದರೆ ನಮ್ಮ ಬೇವಿನ ಮರ ಪರರದೆಂಬಂತೆ ಕಾಣುತ್ತಿತ್ತು. ಸಂಜೆ ಗಾಜಿಗೆ ಕಣ್ಣಿಟ್ಟು ಕೂತೆ. ಬೆಳಕು ಸಣ್ಣದಾಗಿತ್ತು, ಸಾಸಿವೆಯಷ್ಟು. ಹೊತ್ತು ಮುಳುಗಿತು. ಆ ಗಳಿಗೆ ಬಂತು. ಬೆಳಕು ನಿಂತಿತು. ಮುಳ್ಳು ಇಳಿದು ಮಲಗಿತು. ನಾನು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದೆ. ಇಲ್ಲ. ಅಷ್ಟು ಮಾತಾಡುತ್ತಿದ್ದ ನಮ್ಮಕ್ಕ ಮುಳ್ಳನ್ನು ಒಂದು ಕೂದಲೆಳೆಯಷ್ಟೂ ಅಲುಗಿಸಲಿಲ್ಲ. ಒಂದು ಕಲ್ಲಿನ ಬಿಸಿ ಎಷ್ಟು, ಒಂದು ಊರು ಎಷ್ಟು.

ಬಿಳಿ ಬಾವುಟವನ್ನೇ ಏರಿಸಿದೆ. ಸುಳ್ಳು ಬಾವುಟ ಏರಿಸಿದರೆ ಯಾರದೋ ಜಾಗ ಹೋಗುತ್ತದೆ.

ಎಲ್ಲವನ್ನೂ ಮತ್ತೆ ಹೊತ್ತು ತರಲು ಮೈಯಲ್ಲಿ ತ್ರಾಣವಿರಲಿಲ್ಲ. ಬೆಳಗ್ಗೆ ದಿಬ್ಬದ ಮೇಲಿನಿಂದಲೇ ಕನ್ನಡಿ ಮಿಂಚಿಸಿ ಹ್ಞೂಂಗಾಗಿ ಕಾದೆ. ಬರಲಿಲ್ಲ. ಮತ್ತೆ ಮಿಂಚಿಸಿದೆ. ಸಾಸಿವೆ ಬೆಳಕು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ, ಸುಮ್ಮನೆ ಉರಿಯುತ್ತಿತ್ತು. ಮುದುಕರಿಗೆ ಏನಾದರೂ ಆಯಿತೋ, ಇಲ್ಲ ಇಷ್ಟು ದೂರಕ್ಕೆ ನನ್ನ ಕನ್ನಡಿ ಕಾಣುವುದೇ ಇಲ್ಲವೋ. ಒಲೆ ಹಚ್ಚಲಿಲ್ಲ. ಗುಡ್ಡಕ್ಕೆ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದೆ.

ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಕಾಲುದಾರಿಯಲ್ಲಿ ಒಂದು ಕಪ್ಪು ಕೊಡೆ ಕಂಡಿತು. ಕೊಡೆ ನಿಲ್ಲುತ್ತಿತ್ತು, ಏರುತ್ತಿತ್ತು, ನಿಲ್ಲುತ್ತಿತ್ತು. ಹತ್ತಿರ ಬಂದಾಗ ಕೊಡೆಯ ಕೆಳಗೆ ಮೌಲಾಸಾಬರು. ಹೆಗಲ ಮೇಲೆ ಆ ಟವೆಲ್ಲು. ಗಡ್ಡದಿಂದ ಬೆವರು ಇಳಿಯುತ್ತಿತ್ತು. ಕೆರೆ ಏರಿ, ಭಟ್ಟಿ, ಸಂತೆಕಟ್ಟೆ, ಕಣ, ಇಡೀ ಗೆರೆಯ ಕೆಳಗೇ ನಡೆದು ಬಂದಿದ್ದರು. ದೀಪ ಯಾರು ನೋಡುತ್ತಿದ್ದಾರೆ ಎಂದು ನಾನು ಗಾಬರಿಯಿಂದ ಕೇಳಿದೆ. ದಾರಿಯಲ್ಲಿ ಸಿಕ್ಕ ಬಾಳವ್ವನಿಗೆ ಹೇಳಿ ಬಂದಿದ್ದೇನೆ, ಅಂಗಡಿ ಹಾಕಿಕೊಂಡು ಎಣ್ಣೆ ಡಬ್ಬ ಹಿಡಿದು ಹೋದಳು ಎಂದರು. ಆಮೇಲೆ ಉಸಿರು ಹಿಡಿದುಕೊಂಡು, ನನ್ನ ಮುಖ ನೋಡದೆ, ದೂರದ ಟಾಕಿಯ ಕಡೆ ನೋಡುತ್ತ ಹೇಳಿದರು.

"ಕನ್ನಡಿ ಸಣ್ಣದಾಗಿತ್ತು, ತಂಗೆವ್ವ. ನೀವು ದೂರ ಹೊಂಟಂಗ ಕಾಣಿಸ್ತು."

ಮಡಚಿದ ಕೊಡೆಯನ್ನು ಊರಿಕೊಂಡು ಬೇವಿನ ನೆರಳಿಗೆ ಹೋದರು. ಮೊರ ಕಂಡಿತು, ಅಲ್ಲೇ ನಿಂತರು. ಮೊರದ ಅಂಚಿನಲ್ಲಿ ಕಾಣುತ್ತಿದ್ದ ಕಲ್ಲಿಗೆ ಬಗ್ಗಿ ಕೈಯ ಹಿಂಬದಿಯನ್ನು ಇಟ್ಟು, ಥಟ್ಟನೆ ತೆಗೆದುಕೊಂಡರು. ಅಷ್ಟು ದೂರ ನಡೆದು ಬಂದ ಮುದುಕರು, ಕೂರಲೇಬೇಕಿತ್ತು. ಆದರೂ ನಮ್ಮೂರಿನವರಲ್ಲವೇ, ಕೇಳಿದರು.

"ಖಾಲಿ ಐತೇನ್ರಿ?"

ನಾನು ಹೋಗಿ ಮೊರ ಎತ್ತಿದೆ. ಕಲ್ಲಿನ ಮೇಲೆ ಒಣಗಿದ ಬೇವಿನ ಎಲೆ ಒಂದೆರಡು ಸೇರಿಕೊಂಡಿದ್ದವು. ಸೆರಗಿನಿಂದ ಒರೆಸಿದೆ. ಒರೆಸುವ ನೆವದಲ್ಲಿ ಅಂಗೈಯನ್ನು ಒಂದಿಷ್ಟು ಹೊತ್ತು ಅಲ್ಲೇ ಬಿಟ್ಟೆ.

"ಇಲ್ರಿ ಅಣ್ಣಾರ. ನಮ್ಮಕ್ಕ ಅದಾಳ" ಎಂದೆ. "ಕುಂದರ್ರಿ."

ಅವರು ಕೂತರು. ಚಹಾ ಇಡಬೇಕೆಂಬುದೂ ಮರೆತು ನಾನು ಅವರೆಕಾಯಿ ಸಿಪ್ಪೆಯಿಂದ ಶುರು ಮಾಡಿದೆ. ನೆರಳು ಉದ್ದವಾಯಿತು, ಹೊತ್ತು ಮುಳುಗಿತು, ಆ ಗಳಿಗೆ ಬಂದು ಹೋಯಿತು. ಬೆಳಕು ನಿಂತಿತೋ ಕುಣಿಯಿತೋ ನೋಡಿದವರಿಲ್ಲ. ದಿಬ್ಬದ ಮೇಲೆ ದುರ್ಬೀನು ಒಂದೇ ನಿಂತಿತ್ತು. ಯಾವ ಬಣ್ಣದ ಬಾವುಟವೂ ಏರದ್ದನ್ನು ನೋಡಿ, ಊಟಕ್ಕೆ ಏಳಬೇಕೋ ಬೇಡವೋ ತಿಳಿಯದೆ ಊರಿನವರು ಅಂಗಳದಲ್ಲಿ ನಿಂತು ಬಹಳ ಹೊತ್ತು ಗುಡ್ಡದ ಕಡೆ ನೋಡುತ್ತಿದ್ದರಂತೆ.

ಮೌಲಾಸಾಬರು ಇಳಿದು ಹೋಗುವಾಗ ಕೊಡೆಯನ್ನು ಮರೆತು ಹೋದರು. ಕೂಗಿ ಕರೆಯೋಣವೆಂದುಕೊಂಡೆ, ಬೇಡ, ಅದಕ್ಕಾಗಿಯಾದರೂ ಬರಲಿ ಎಂದು ಸುಮ್ಮನಾದೆ. ಆಮೇಲೆ ಬೇವಿನ ಕೆಳಗೆ ಬಂದೆ. ಕಲ್ಲಿಗೆ ಕೈ ಇಟ್ಟು ನೋಡಲಿಲ್ಲ. ಸುಮ್ಮನೆ ಹೋಗಿ ಕೂತೆ.